ದೂರಶಿಕ್ಷಣ: ಅರ್ಜಿ ತುಂಬುವ ಮೊದಲು ನೀವು ಯಾವ ವಿದ್ಯಾರ್ಥಿ ಎಂದು ತಿಳಿಯಿರಿ



ಓದು ಅರ್ಧಕ್ಕೆ ನಿಂತವರು ನಮ್ಮ ಪ್ರತಿಯೊಂದು ಮೊಹಲ್ಲಾದಲ್ಲೂ ಇದ್ದಾರೆ. ಪಿಯುಸಿ ಮುಗಿದ ಕೂಡಲೇ ಮದುವೆಯಾಗಿ ಹೋದ ಹೆಣ್ಣುಮಗಳು, ತಂದೆ ಹಾಸಿಗೆ ಹಿಡಿದಾಗ ಅಂಗಡಿಯಲ್ಲಿ ಕೂತ ಹುಡುಗ, ಕುರ್‌ಆನ್ ಕಂಠಪಾಠ ಮಾಡಿ ಹಾಫಿಝ್ ಆದರೂ ಕೈಯಲ್ಲಿ ಎಸ್ಸೆಸೆಲ್ಸಿ ಅಂಕಪಟ್ಟಿ ಇಲ್ಲದ ಯುವಕ, ದಮ್ಮಾಮ್‌ನಲ್ಲೋ ದುಬೈಯಲ್ಲೋ ದುಡಿಯುತ್ತಿರುವ ಡಿಪ್ಲೊಮಾ ಹುಡುಗ. ಇವರೆಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: "ಉಸ್ತಾದರೇ, ಮನೆಯಲ್ಲಿ ಕೂತು ಡಿಗ್ರಿ ಮಾಡಬಹುದಂತೆ, ಎಲ್ಲಿ ಸೇರಬೇಕು?"

ಪ್ರಶ್ನೆ ಒಂದೇ ಆದರೂ ಉತ್ತರ ಒಂದೇ ಅಲ್ಲ. ಹಾಫಿಝ್ ಯುವಕನಿಗೆ ಸರಿಯಾದ ದಾರಿ ಆ ಹೆಣ್ಣುಮಗಳಿಗೆ ಸರಿಯಲ್ಲ. ಆಕೆಗೆ ಹೊಂದುವ ವಿಶ್ವವಿದ್ಯಾಲಯ ಗಲ್ಫ್‌ನಲ್ಲಿರುವ ತಮ್ಮನಿಗೆ ಹೊಂದದಿರಬಹುದು. ಎಲ್ಲಿ ಸೇರುವುದು ಎಂಬುದು ಎರಡನೆಯ ಪ್ರಶ್ನೆ. ನಾನು ಯಾವ ಬಗೆಯ ವಿದ್ಯಾರ್ಥಿ, ನನ್ನ ಕೈಯಲ್ಲಿ ಈಗ ಯಾವ ಪ್ರಮಾಣಪತ್ರ ಇದೆ ಎಂಬುದು ಮೊದಲ ಪ್ರಶ್ನೆ. ಇದನ್ನು ತಿಳಿಯದೆ ಅರ್ಜಿ ತುಂಬಿದವರು ಹಣ ಮಾತ್ರವಲ್ಲ, ಆಯುಷ್ಯದ ವರ್ಷಗಳನ್ನೂ ಕಳೆದುಕೊಂಡಿದ್ದಾರೆ.

ದೂರಶಿಕ್ಷಣದ ಪದವಿಗೆ ಬೆಲೆ ಇದೆಯೇ?

ಇದೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇರುವ ವಿಶ್ವವಿದ್ಯಾಲಯದಿಂದ ಮಾನ್ಯತೆ ಇರುವ ಕೋರ್ಸನ್ನು ದೂರಶಿಕ್ಷಣದಲ್ಲಿ ಮುಗಿಸಿದರೆ, ಅದು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ. ಯುಜಿಸಿಯ 2020ರ ನಿಯಮಾವಳಿಯಲ್ಲಿ ಇದು ಇದೆ. ಅಂಥ ಪದವಿ ಪಡೆದವರು ಎಂಎ ಓದಬಹುದು, ಐಎಎಸ್, ಕೆಎಎಸ್ ಪರೀಕ್ಷೆಗಳಿಗೂ ಕೂರಬಹುದು.

ನಮ್ಮ ರಾಜ್ಯದವರಿಗೆ ಮುಖ್ಯವಾಗಿ ಮೂರು ಬಾಗಿಲುಗಳಿವೆ.

ಮೊದಲನೆಯದು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣ ಸಂಸ್ಥೆಯೇ ಬೆಳೆದು 1996ರಲ್ಲಿ ಈ ಮುಕ್ತ ವಿಶ್ವವಿದ್ಯಾಲಯವಾಯಿತು. ಇಲ್ಲಿ ಬಿಎ, ಬಿಕಾಂನಂಥ ಪದವಿಗಳನ್ನು ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ಮಂಗಳೂರು, ಶಿವಮೊಗ್ಗ, ಧಾರವಾಡ, ಕಲಬುರಗಿ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಪ್ರಾದೇಶಿಕ ಕೇಂದ್ರಗಳಿವೆ.

ಎರಡನೆಯದು 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೊ. ಕೋರ್ಸುಗಳು ಬಹಳ, ಆದರೆ ಪಾಠಗಳು ಹೆಚ್ಚಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ.

ಮೂರನೆಯದು ಹೈದರಾಬಾದಿನ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ. 1998ರಲ್ಲಿ ಸ್ಥಾಪನೆಯಾದ ಇದರ ಬೋಧನೆ ಉರ್ದುವಿನಲ್ಲಿ. ಬೆಂಗಳೂರಿನಲ್ಲಿ ಇದರ ಪ್ರಾದೇಶಿಕ ಕೇಂದ್ರವಿದೆ.

ಇನ್ನು ನೀವು ಯಾವ ವಿದ್ಯಾರ್ಥಿ ಎಂದು ನೋಡೋಣ.

ಎಸ್ಸೆಸೆಲ್ಸಿ ಅಥವಾ ಪಿಯುಸಿ ಆಗದವರು

ನೀವು ಈ ಗುಂಪಿನಲ್ಲಿದ್ದರೆ ಪದವಿಯ ಅರ್ಜಿಯನ್ನು ಸದ್ಯ ಪಕ್ಕಕ್ಕಿಡಿ. ಪಿಯುಸಿ ಇಲ್ಲದಿದ್ದರೂ ನೇರವಾಗಿ ಡಿಗ್ರಿ ಕೊಡಿಸುತ್ತೇವೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಕೆಳಗಿನ ಮೆಟ್ಟಿಲು ಇಲ್ಲದೆ ಪಡೆದ ಪದವಿ ಮುಂದೆ ಎಲ್ಲೋ ಒಂದು ಕಡೆ ತಡೆಯುತ್ತದೆ. ಒಂದು ಉದಾಹರಣೆ: ಹತ್ತನೆಯ ಮತ್ತು ಹನ್ನೆರಡನೆಯ ತರಗತಿ ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಪದವಿ ಪಡೆದವರು ಕಾನೂನು ಪದವಿಗೆ ಸೇರುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಪದವಿ ಇದ್ದೂ ವಕೀಲನಾಗಲು ಆಗದ ಸ್ಥಿತಿ ಅದು.

ಎಸ್ಸೆಸೆಲ್ಸಿ ಅಥವಾ ದ್ವಿತೀಯ ಪಿಯುಸಿಯಲ್ಲಿ ಒಂದೆರಡು ವಿಷಯ ಮಾತ್ರ ಉಳಿದಿದ್ದರೆ, ಓದಿದ ಶಾಲೆ ಕಾಲೇಜಿನ ಮೂಲಕ ಪುನರಾವರ್ತಿತ ವಿದ್ಯಾರ್ಥಿಯಾಗಿ ಆ ವಿಷಯಗಳನ್ನೇ ಬರೆಯುವುದು ಹತ್ತಿರದ ದಾರಿ. ಶಾಲೆಯನ್ನೇ ಬಿಟ್ಟು ಬಹಳ ವರ್ಷ ಆಗಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಇದು ಕೇಂದ್ರ ಸರ್ಕಾರದ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ಮಂಡಳಿ. ಇಲ್ಲಿ ಹತ್ತನೆಯ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಹನ್ನೆರಡನೆಯದಕ್ಕೆ 15 ವರ್ಷ ತುಂಬಿರಬೇಕು ಮತ್ತು ಹತ್ತನೆಯ ತರಗತಿ ತೇರ್ಗಡೆ ಆಗಿರಬೇಕು. ಮೇಲಿನ ವಯಸ್ಸಿನ ಮಿತಿ ಇಲ್ಲ. ನಲವತ್ತರ ತಾಯಿಯೂ ಸೇರಬಹುದು.

ತೇರ್ಗಡೆಗೆ ಕನಿಷ್ಠ 5 ವಿಷಯಗಳು ಬೇಕು. ಎಲ್ಲವನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ. ಒಮ್ಮೆ ನೋಂದಣಿಯಾದರೆ 5 ವರ್ಷಗಳ ಒಳಗೆ 9 ಸಲ ಪರೀಕ್ಷೆಗೆ ಅವಕಾಶ ಇರುತ್ತದೆ. ಬೀಡಿ ಕಟ್ಟುತ್ತಾ, ಹೊಲಿಗೆ ಮಾಡುತ್ತಾ ಓದುವವರಿಗೆ ಇದು ದೊಡ್ಡ ಅನುಕೂಲ. ಹಿಂದೆ ಬೇರೆ ಮಾನ್ಯ ಮಂಡಳಿಯಲ್ಲಿ ಪಾಸಾಗಿದ್ದ ವಿಷಯಗಳಿದ್ದರೆ ಎರಡರವರೆಗೆ ಅಂಕಗಳನ್ನು ವರ್ಗಾಯಿಸಿಕೊಳ್ಳಬಹುದು. ಹಾಗಾಗಿ ಹಳೆಯ ಫೇಲಾದ ಅಂಕಪಟ್ಟಿಯನ್ನೂ ಹರಿದು ಹಾಕಬೇಡಿ. ಹತ್ತನೆಯ ತರಗತಿಗೂ ಹನ್ನೆರಡನೆಯದಕ್ಕೂ ನಡುವೆ 2 ವರ್ಷಗಳ ಅಂತರ ಬೇಕು ಎಂಬುದು ನೆನಪಿರಲಿ. "ಆರು ತಿಂಗಳಲ್ಲಿ ಎರಡೂ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಮದ್ರಸದಲ್ಲಿ ಓದಿದವರು

ಈ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನೂ ಮದ್ರಸದ ನಂತರವೇ ಬಿಎ ಮಾಡಿದವನು. ನಮ್ಮ ಮನೆಗಳಲ್ಲಿ ಇದರ ಬಗ್ಗೆ ಎರಡು ತಪ್ಪು ತಿಳುವಳಿಕೆಗಳಿವೆ. ಕೆಲವರು ಆಲಿಮ್ ಸನದು ಇದ್ದರೆ ಎಲ್ಲ ಕಡೆ ಡಿಗ್ರಿಗೆ ಸಮ ಎನ್ನುತ್ತಾರೆ. ಇನ್ನು ಕೆಲವರು ಅದಕ್ಕೆ ಎಲ್ಲೂ ಬೆಲೆ ಇಲ್ಲ ಎನ್ನುತ್ತಾರೆ. ಎರಡೂ ಸರಿಯಲ್ಲ.

ಮದ್ರಸದ ಸನದನ್ನು ಒಪ್ಪುವುದು ಬಿಡುವುದು ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟದ್ದು. ಮೌಲಾನಾ ಆಝಾದ್ ಉರ್ದು ವಿಶ್ವವಿದ್ಯಾಲಯವು ತಾನು ಒಪ್ಪುವ ಮದ್ರಸಗಳ ಮತ್ತು ಸನದುಗಳ ಪಟ್ಟಿ ಇಟ್ಟುಕೊಂಡಿದೆ. ಮದ್ರಸ ವಿದ್ಯಾರ್ಥಿಗಳಿಗಾಗಿ ಬ್ರಿಡ್ಜ್ ಕೋರ್ಸನ್ನೂ ನಡೆಸುತ್ತದೆ. ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯದಲ್ಲಿಯೂ ಮದ್ರಸ ಪದವೀಧರರಿಗೆ ಇಂಥ ಬ್ರಿಡ್ಜ್ ಕೋರ್ಸ್ ಇದೆ. ನಿಮ್ಮ ಮದ್ರಸದ ಹೆಸರು ಮತ್ತು ನಿಮ್ಮ ಸನದಿನ ಹೆಸರು, ಎರಡೂ ಪಟ್ಟಿಯಲ್ಲಿ ಇವೆಯೇ ಎಂದು ನೋಡಿಕೊಳ್ಳಬೇಕು. ಮದ್ರಸ ಪ್ರಸಿದ್ಧವಾಗಿದೆ ಎಂದ ಮಾತ್ರಕ್ಕೆ ಅದು ಪಟ್ಟಿಯಲ್ಲಿ ಇರುತ್ತದೆ ಎಂದಲ್ಲ.

ಭಾಷೆಯ ವಿಷಯವನ್ನೂ ಯೋಚಿಸಿ. ಉರ್ದು ವಿಶ್ವವಿದ್ಯಾಲಯದಲ್ಲಿ ಓದುವುದು, ಬರೆಯುವುದು ಉರ್ದುವಿನಲ್ಲೇ. ಕಲಬುರಗಿ, ಬೀದರ್, ವಿಜಯಪುರದ ಕಡೆಯ ಮಕ್ಕಳಿಗೆ ಇದು ಸುಲಭ. ಮನೆಯಲ್ಲಿ ಬ್ಯಾರಿ ಮಾತನಾಡಿ, ಕಿತಾಬುಗಳನ್ನು ಅರಬಿ ಮಲಯಾಳದಲ್ಲಿ ಓದಿದ ಕರಾವಳಿಯ ಹುಡುಗನಿಗೆ ಅದೇ ಬಾಗಿಲು ಕಷ್ಟವಾಗಬಹುದು. ಅವನಿಗೆ ಮೊದಲು ಎನ್‌ಐಒಎಸ್ ಅಥವಾ ರಾಜ್ಯ ಮಂಡಳಿಯ ಪರೀಕ್ಷೆ, ನಂತರ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದ ಬಿಎ ಎಂಬ ದಾರಿಯೇ ನೇರ.

ಮಗನನ್ನು ಹಿಫ್ಝ್‌ಗೆ ಅಥವಾ ದರ್ಸ್‌ಗೆ ಸೇರಿಸುವ ತಂದೆತಾಯಿಗೆ ನನ್ನದೊಂದು ಮಾತು. ಸೇರಿಸುವ ದಿನವೇ ಮದ್ರಸದವರಲ್ಲಿ ಕೇಳಿ: ನನ್ನ ಮಗ ಹತ್ತನೆಯ ತರಗತಿ ಪರೀಕ್ಷೆಯನ್ನು ಯಾವ ವರ್ಷ, ಯಾವ ಮಂಡಳಿಯಲ್ಲಿ ಬರೆಯುತ್ತಾನೆ? ಮದ್ರಸಗಳಿಗೂ ಎನ್‌ಐಒಎಸ್ ಅಧ್ಯಯನ ಕೇಂದ್ರವಾಗುವ ಅವಕಾಶ ಇದೆ. ದೀನಿ ಶಿಕ್ಷಣ ಮುಗಿಯುವ ಹೊತ್ತಿಗೆ ಪಿಯುಸಿ ಸಮಾನ ಪ್ರಮಾಣಪತ್ರವೂ ಕೈಯಲ್ಲಿದ್ದರೆ, 20ನೆಯ ವಯಸ್ಸಿಗೆ ಅವನಿಗೆ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ. ಇಲ್ಲದಿದ್ದರೆ 25ನೆಯ ವಯಸ್ಸಿಗೆ, ಹೆಂಡತಿ ಮಕ್ಕಳಾದ ಮೇಲೆ, ಇಮಾಮತ್‌ನ ಸಣ್ಣ ಸಂಬಳದಲ್ಲಿ ಹತ್ತನೆಯ ತರಗತಿಯ ಗಣಿತ ಕಲಿಯಲು ಕೂರಬೇಕಾಗುತ್ತದೆ.

ಮದುವೆಯಾದ ಸಹೋದರಿಯರು

ಪಿಯುಸಿ ಪಾಸಾಗಿ ಓದು ನಿಲ್ಲಿಸಿದ ಸಹೋದರಿಯರಿಗೆ ದೂರಶಿಕ್ಷಣದಷ್ಟು ಹೊಂದುವ ವ್ಯವಸ್ಥೆ ಇನ್ನೊಂದಿಲ್ಲ. ದಿನವೂ ಹೊರಗೆ ಹೋಗಬೇಕಾಗಿಲ್ಲ. ಪಾಠದ ಪುಸ್ತಕಗಳನ್ನು ವಿಶ್ವವಿದ್ಯಾಲಯವೇ ಕೊಡುತ್ತದೆ. ಸಂಪರ್ಕ ತರಗತಿ ಮತ್ತು ಪರೀಕ್ಷೆಯ ದಿನಗಳಲ್ಲಿ ಹೋದರೆ ಸಾಕು.

ಇವರು ಮೂರು ವಿಷಯಗಳನ್ನು ಗಮನಿಸಬೇಕು. ಒಂದು, ಅರ್ಜಿಯಲ್ಲಿ ಎಸ್ಸೆಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಬರೆಯಿರಿ. ಮದುವೆಯ ನಂತರ ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಿಕೊಂಡಿದ್ದರೆ ಎರಡೂ ಹೊಂದದೆ ಅರ್ಜಿ ನಿಲ್ಲುತ್ತದೆ. ಫಾತಿಮಾ, ಫಾತಿಮತ್, ಫಾತಿಮಾ ಬಿ ಎಂದು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುವುದು ನಮ್ಮಲ್ಲಿ ಸಾಮಾನ್ಯ. ಅದನ್ನು ಮೊದಲೇ ಸರಿ ಮಾಡಿಸಿಕೊಳ್ಳಿ. ಎರಡು, ತವರಿನ ಊರಲ್ಲಿ ಅಲ್ಲ, ನೀವು ಈಗ ಇರುವ ಊರಿಗೆ ಹತ್ತಿರದ ಕೇಂದ್ರವನ್ನು ಆರಿಸಿ. ಮೂರು, ಹೆರಿಗೆ ಅಥವಾ ಕಾಯಿಲೆಯಿಂದ ಒಂದು ಪರೀಕ್ಷೆ ತಪ್ಪಿದರೆ ಓದೇ ಮುಗಿಯಿತು ಎಂದುಕೊಳ್ಳಬೇಡಿ. ಉದಾಹರಣೆಗೆ ಇಗ್ನೊದಲ್ಲಿ 3 ವರ್ಷದ ಪದವಿಯನ್ನು 6 ವರ್ಷದ ಒಳಗೆ ಮುಗಿಸಬಹುದು.

ಗಂಡಂದಿರಿಗೂ ಅತ್ತೆಯಂದಿರಿಗೂ ಒಂದು ಮಾತು. ಹೆಣ್ಣುಮಗಳು ಶುಲ್ಕ ಕಟ್ಟಿದರೆ ಓದು ತಾನಾಗಿ ಆಗುವುದಿಲ್ಲ. ಮಗ್ರಿಬ್ ಆದ ಮೇಲೆ ಒಂದು ಗಂಟೆ ಅಡುಗೆಮನೆಯಿಂದ, ಮಕ್ಕಳಿಂದ ಅವಳಿಗೆ ಬಿಡುವು ಕೊಡಬೇಕು. ಅಷ್ಟೂ ಕೊಡದೆ "ನಾವೇನು ಓದಬೇಡ ಎಂದಿಲ್ಲ" ಎನ್ನುವುದು ನ್ಯಾಯವಲ್ಲ.

ದುಡಿಯುವವರು ಮತ್ತು ಗಲ್ಫ್‌ನಲ್ಲಿರುವವರು

ಪಿಯುಸಿ ಬದಲು ಮೂರು ವರ್ಷದ ಡಿಪ್ಲೊಮಾ ಮುಗಿಸಿದವರಿಗೂ ಪದವಿಗೆ ಸೇರುವ ಅವಕಾಶ ಇದೆ. ಪ್ರವೇಶ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಆವೃತ್ತಿಗಳಲ್ಲಿ ನಡೆಯುತ್ತದೆ. ಒಂದು ತಪ್ಪಿದರೆ ಇಡೀ ವರ್ಷ ಕಾಯಬೇಕಾಗಿಲ್ಲ.

ರಾಜ್ಯದ ಮುಕ್ತ ವಿಶ್ವವಿದ್ಯಾಲಯದ ಕೇಂದ್ರ ಮತ್ತು ಪರೀಕ್ಷೆ ಎಲ್ಲವೂ ರಾಜ್ಯದ ಒಳಗೇ ಇರುತ್ತವೆ. ಮಂಜೇಶ್ವರ, ಕಾಸರಗೋಡಿನ ಕನ್ನಡ ಓದುಗರು ಮೈಸೂರಿನ ವಿಶ್ವವಿದ್ಯಾಲಯಕ್ಕೆ ಸೇರಿದರೆ ಪರೀಕ್ಷೆಗೆ ಗಡಿ ದಾಟಿ ಬರಬೇಕು. ಗಲ್ಫ್‌ನಲ್ಲಿರುವವರು ತಮ್ಮ ರಜೆ ಯಾವ ತಿಂಗಳು, ಪರೀಕ್ಷೆ ಯಾವ ತಿಂಗಳು ಎಂದು ಮೊದಲೇ ಹೊಂದಿಸಿ ನೋಡಬೇಕು. ಹೊಂದದಿದ್ದರೆ ಯುಜಿಸಿ ಒಪ್ಪಿದ ಆನ್‌ಲೈನ್ ಪದವಿಗಳನ್ನು ವಿಚಾರಿಸಬಹುದು. ಇನ್ನೊಂದು ವಿಷಯ: ಗಲ್ಫ್‌ನ ಎಲ್ಲ ದೇಶಗಳೂ, ಎಲ್ಲ ಕಂಪೆನಿಗಳೂ ದೂರಶಿಕ್ಷಣದ ಪದವಿಯನ್ನು ಒಂದೇ ರೀತಿ ಪರಿಗಣಿಸುವುದಿಲ್ಲ. ಅಲ್ಲಿಯ ಬಡ್ತಿಗಾಗಿ ಓದುತ್ತಿದ್ದರೆ ಸೇರುವ ಮೊದಲೇ ಕಂಪೆನಿಯಲ್ಲಿ ಕೇಳಿಕೊಳ್ಳಿ.

ಈಗಾಗಲೇ ಕಾಲೇಜಿನಲ್ಲಿ ಇರುವವರು, ನಡುವೆ ಬಿಟ್ಟವರು

ಕಾಲೇಜಿನಲ್ಲಿ ಬಿಕಾಂ ಓದುತ್ತಾ ದೂರಶಿಕ್ಷಣದಲ್ಲಿ ಬಿಎ ಮಾಡಬಹುದೇ? ಮಾಡಬಹುದು. 2022ರ ಏಪ್ರಿಲ್‌ನಲ್ಲಿ ಯುಜಿಸಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಒಂದು ಪದವಿಯನ್ನು ಕಾಲೇಜಿನಲ್ಲಿ, ಇನ್ನೊಂದನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಒಟ್ಟಿಗೆ ಓದಲು ಅವಕಾಶವಿದೆ. ಪಿಎಚ್‌ಡಿಗೆ ಇದು ಅನ್ವಯಿಸುವುದಿಲ್ಲ. ಎರಡರ ಪರೀಕ್ಷೆ ಒಂದೇ ದಿನ ಬಂದರೆ ಏನು ಮಾಡುತ್ತೀರಿ ಎಂದು ಯೋಚಿಸಿ ಮುಂದುವರಿಯಿರಿ. ಮದ್ರಸದಲ್ಲಿ ಓದುತ್ತಿರುವವರೂ ಜೊತೆಗೆ ದೂರಶಿಕ್ಷಣದ ಪದವಿ ಓದಲು ಅಡ್ಡಿ ಇಲ್ಲ.

ಪದವಿಯನ್ನು ನಡುವೆ ಬಿಟ್ಟವರು ಹಳೆಯ ಅಂಕಪಟ್ಟಿಗಳನ್ನು ಹಿಡಿದು ಪ್ರಾದೇಶಿಕ ಕೇಂದ್ರಕ್ಕೆ ಹೋಗಿ, ಕ್ರೆಡಿಟ್ ವರ್ಗಾವಣೆ ಆಗುತ್ತದೆಯೇ ಎಂದು ಕೇಳಿ. ಆದರೆ ಒಳ್ಳೆಯದು. ಆಗದಿದ್ದರೆ ಮೊದಲ ವರ್ಷದಿಂದ ಸೇರಬೇಕು. ಯಾವುದೇ ಉತ್ತರವಾದರೂ ಬರಹದಲ್ಲಿ ಪಡೆಯಿರಿ.

ದೂರಶಿಕ್ಷಣದಲ್ಲಿ ಸಿಗದ ಓದು

ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಾರ್ಮಸಿ, ಫಿಸಿಯೊಥೆರಪಿ, ಕಾನೂನು, ಆರ್ಕಿಟೆಕ್ಚರ್ ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡಲು ಯುಜಿಸಿ ಅನುಮತಿ ಇಲ್ಲ. ಮನೆಯಲ್ಲಿ ಕೂತು ಎಲ್‌ಎಲ್‌ಬಿ, ನರ್ಸಿಂಗ್ ಎಂದು ಬರುವ ಜಾಹೀರಾತು ಮೋಸದ್ದು. ಬಿ.ಎಡ್ ದೂರಶಿಕ್ಷಣದಲ್ಲಿ ಇದೆ. ಆದರೆ ಅದು ಡಿ.ಎಡ್‌ನಂಥ ಶಿಕ್ಷಕ ತರಬೇತಿ ಪಡೆದವರಿಗಾಗಿ ಇರುವುದು, ಬಿಎ ಮುಗಿಸಿದ ಎಲ್ಲರಿಗೂ ಅಲ್ಲ.

ಹಣ ಕಟ್ಟುವ ಮೊದಲು

ವಿಶ್ವವಿದ್ಯಾಲಯದ ಹೆಸರು ನಿಜವಾಗಿದ್ದರೂ ಸಾಲದು. ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇರಬೇಕು. ನಮ್ಮ ರಾಜ್ಯದವರು ಇದನ್ನು ಕಷ್ಟಪಟ್ಟು ಕಲಿತಿದ್ದಾರೆ. ರಾಜ್ಯದ ಹೊರಗೆ ಕೇಂದ್ರಗಳನ್ನು ನಡೆಸಿದ್ದು ಮತ್ತು ಅನುಮತಿ ಇಲ್ಲದ ತಾಂತ್ರಿಕ ಕೋರ್ಸುಗಳ ಕಾರಣ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಯುಜಿಸಿ ಮಾನ್ಯತೆ ಇಲ್ಲದಾಯಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018-19ರ ಸಾಲಿನಿಂದ. ನಡುವಿನ ವರ್ಷಗಳ ವಿದ್ಯಾರ್ಥಿಗಳು ತಮ್ಮದಲ್ಲದ ತಪ್ಪಿಗೆ ಕೈಯಲ್ಲಿ ಅಂಕಪಟ್ಟಿ ಹಿಡಿದು ಅಲೆದಾಡಿದರು. ಈಗ ಅಲ್ಲಿ ಸೇರಲು ಹಿಂಜರಿಯಬೇಕಾಗಿಲ್ಲ. ಆದರೆ ಯಾವ ವಿಶ್ವವಿದ್ಯಾಲಯವೇ ಆಗಲಿ, ಸೇರುವ ವರ್ಷದ ಮಾನ್ಯತೆಯನ್ನು ನೋಡದೆ ಸೇರಬೇಡಿ. ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟಿನಲ್ಲಿ ವಿಶ್ವವಿದ್ಯಾಲಯ ಮತ್ತು ಕೋರ್ಸುಗಳ ಪಟ್ಟಿ ಇದೆ.

2024ರಿಂದ ಇನ್ನೊಂದು ನಿಯಮ ಬಂದಿದೆ. ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಗೆ ಸೇರುವವರು ಮೊದಲು ಡಿಜಿಲಾಕರ್ ಮೂಲಕ ಎಬಿಸಿ ಐಡಿ ಮಾಡಿಕೊಂಡು, ನಂತರ ಅದೇ ವೆಬ್‌ಸೈಟಿನಲ್ಲಿ ಡೆಬ್ ಐಡಿ ಪಡೆಯಬೇಕು. ಎರಡಕ್ಕೂ ಶುಲ್ಕ ಇಲ್ಲ. ಇದರಲ್ಲಿ ಒಂದು ರಕ್ಷಣೆಯೂ ಇದೆ. ಪದವಿಗೆ ಸೇರಿಸುತ್ತೇವೆ ಎನ್ನುವವರು ಡೆಬ್ ಐಡಿಯ ಮಾತನ್ನೇ ಎತ್ತದಿದ್ದರೆ ಅನುಮಾನಪಡಿ.

ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಏಜೆಂಟರ ಕೈಗೆ ನಗದು ಕೊಡಬೇಡಿ. ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಇರಲಿ. ಸೈಬರ್ ಅಂಗಡಿಯವರ ನಂಬರ್ ಕೊಟ್ಟರೆ ಪರೀಕ್ಷೆಯ ಸಂದೇಶ ಅವರಿಗೆ ಹೋಗುತ್ತದೆ, ನಿಮಗೆ ಬರುವುದಿಲ್ಲ. ಶುಲ್ಕ ರಿಯಾಯಿತಿ ಯಾರಿಗೆ ಇದೆ ಎಂಬುದನ್ನು ಆ ವರ್ಷದ ಪ್ರವೇಶ ಪುಸ್ತಿಕೆಯಲ್ಲಿ ನೋಡಿ ಅಥವಾ ಕೇಂದ್ರದಲ್ಲಿ ಕೇಳಿ.

ಅರ್ಜಿಗೆ ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು: ಎಸ್ಸೆಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಭಾವಚಿತ್ರ, ಸಹಿ, ಮೀಸಲಾತಿ ಇದ್ದರೆ ಜಾತಿ ಪ್ರಮಾಣಪತ್ರ. ಹೊರ ಮಂಡಳಿಯಲ್ಲಿ ಓದಿದವರಿಗೆ ಮೈಗ್ರೇಶನ್ ಪ್ರಮಾಣಪತ್ರವೂ ಬೇಕಾಗುತ್ತದೆ.

ಸೇರಿದ ಮೇಲೆ

ಬಹಳ ಜನರ ಓದು ನಿಲ್ಲುವುದು ಪ್ರವೇಶದಲ್ಲಿ ಅಲ್ಲ, ಪ್ರವೇಶದ ನಂತರ. ಪುಸ್ತಕಗಳ ಕಟ್ಟು ಬಿಚ್ಚದೆ ಕಪಾಟಿನ ಮೇಲೆ ಕೂತಿರುತ್ತದೆ. ಅಸೈನ್‌ಮೆಂಟ್ ಕೊಡುವ ದಿನ ದಾಟಿ ಹೋಗುತ್ತದೆ. ಇಗ್ನೊದ ಹೆಚ್ಚಿನ ಕೋರ್ಸುಗಳಲ್ಲಿ ಶೇಕಡಾ 30 ಅಂಕ ಅಸೈನ್‌ಮೆಂಟಿಗೆ, 70 ಪರೀಕ್ಷೆಗೆ. ಅಸೈನ್‌ಮೆಂಟ್ ಬರೆಯದವನು ಪರೀಕ್ಷೆ ಬರೆದರೂ ಪದವಿ ಪೂರ್ತಿಯಾಗುವುದಿಲ್ಲ. ಅದನ್ನು ಸ್ವಂತ ಕೈಯಿಂದ ಬರೆಯಿರಿ. ಹಣ ಕೊಟ್ಟು ಬರೆಸುವುದು, ತನ್ನ ಬದಲು ಇನ್ನೊಬ್ಬನನ್ನು ಪರೀಕ್ಷೆಗೆ ಕೂರಿಸುವುದು, ಓದದೆ ಸರ್ಟಿಫಿಕೇಟ್ ಖರೀದಿಸುವುದು ಇವೆಲ್ಲ ಸುಳ್ಳು ಸಾಕ್ಷ್ಯಕ್ಕೆ ಸಮ. ಕಾನೂನಿನಲ್ಲಿ ಅದು ಅಪರಾಧ. ಆ ಕಾಗದದ ಮೇಲೆ ಪಡೆದ ಕೆಲಸ ಇನ್ನೊಬ್ಬ ಅರ್ಹನಿಂದ ಕಿತ್ತುಕೊಂಡದ್ದು ಎಂಬುದನ್ನೂ ಮರೆಯಬಾರದು.

ಜಮಾಅತ್‌ಗಳಿಗೂ ಇಲ್ಲಿ ಕೆಲಸವಿದೆ. ಜನವರಿ ಮತ್ತು ಜುಲೈ ಆವೃತ್ತಿಗಳ ಪ್ರವೇಶ ಆರಂಭವಾದಾಗ ಜುಮಾ ನಮಾಝಿನ ನಂತರ ಪ್ರಕಟಣೆ ಮಾಡಿ. ಕಂಪ್ಯೂಟರ್ ತಿಳಿದ ಇಬ್ಬರು ಯುವಕರು ಮತ್ತು ಹೆಂಗಸರಿಗಾಗಿ ಓದಿದ ಒಬ್ಬ ಸಹೋದರಿ ಎರಡು ಭಾನುವಾರ ಕೂತರೆ ಇಡೀ ಮೊಹಲ್ಲಾದ ಅರ್ಜಿಗಳು ಮುಗಿಯುತ್ತವೆ. ಮದ್ರಸದ ಒಂದು ಕೋಣೆಯನ್ನು ರಾತ್ರಿ ಎರಡು ಗಂಟೆ ಓದುವವರಿಗೆ ಬಿಟ್ಟುಕೊಡಿ. ಶುಲ್ಕ ಕಟ್ಟಲಾಗದ ವಿದ್ಯಾರ್ಥಿ ಝಕಾತ್‌ಗೆ ಅರ್ಹನಾದ ಬಡವನಾಗಿದ್ದರೆ, ಅವನ ಕೈಗೆ ಕೊಟ್ಟ ಝಕಾತ್ ಹಣವನ್ನು ಅವನು ಶುಲ್ಕಕ್ಕೆ ಬಳಸಬಹುದು.

ಈ ವಾರ ಮನೆಯಲ್ಲಿ ಒಂದು ಕೆಲಸ ಮಾಡಿ. ಓದು ನಿಂತವರು ಯಾರಿದ್ದಾರೆ ಎಂದು ನೋಡಿ, ಅವರ ಕೊನೆಯ ಅಂಕಪಟ್ಟಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. ಅದರಲ್ಲಿ ಏನಿದೆ ಎಂಬುದೇ ಅವರು ಯಾವ ಬಾಗಿಲು ತಟ್ಟಬೇಕು ಎಂದು ಹೇಳುತ್ತದೆ. ಉಪಯೋಗಕ್ಕೆ ಬರುವ ಜ್ಞಾನವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.